ಕುಷ್ಟಗಿಯ ಕುಮಾರಿ ಐಶ್ವರ್ಯ ಅವರಿಗೆ, 'ಕೂಡು' ಎಂಬ ಕ್ರಿಯಾಪದದ ವಿಷಯವಾಗಿ

ಇವರಿಗೆ:
ಕುಮಾರಿ ಐಶ್ವರ್ಯ ಅವರು,
ವಯಸ್ಸು ಮೊದಲು ಹತ್ತೊಂಬತ್ತು, ಆಮೇಲೆ ಹದಿನೈದು,
ವಾಸ: ನಮ್ಮ ಜಿಲ್ಲೆಯ ಒಂದು ಪೊಲೀಸ್ ಠಾಣೆಯ ಕಂಪ್ಯೂಟರು.

ಮಾನ್ಯರೇ,

ತಮ್ಮ ಪಾದಗಳಿಗೆ, ಅವು ಎಲ್ಲಾದರೂ ಇರುವುದಾದರೆ, ನನ್ನ ವಿನಯಪೂರ್ವಕ ನಮಸ್ಕಾರಗಳು. ತಮ್ಮ ಕ್ಷೇಮವನ್ನು ವಿಚಾರಿಸೋಣವೆಂದರೆ, ಇನ್ನೂ ಹುಟ್ಟದೇ ಇರುವವರಿಗೆ ನೆಗಡಿಯೂ ಬರಲಾರದೆಂಬುದು ನೆನಪಾಗಿ ಸಂಕೋಚವಾಗುತ್ತದೆ. ಆದ್ದರಿಂದ ತಮ್ಮ ಪರವಾಗಿ ಹಗಲೆಲ್ಲ ಟೈಪು ಮಾಡುವ ಆ ದಪ್ಪ ಬೆರಳುಗಳೂ, ಆ ಬೆರಳುಗಳ ಒಡೆಯರ ಹುರಿ ಮೀಸೆಯೂ ಸುಖವಾಗಿರಲಿ ಎಂದಷ್ಟೇ ಹಾರೈಸುತ್ತೇನೆ.

ನಾನು ಕುಕನೂರಿನ ವಿಜಯಲಕ್ಷ್ಮಿ. ಕನ್ನಡ ಎಂ.ಎ. ಮುಗಿಸಿ ಮನೆಯಲ್ಲಿದ್ದೇನೆ. ನಾಲ್ಕು ಜನ ಸೇರಿದಲ್ಲಿ ಬಾಯಿ ತೆರೆಯಲಾರದವಳಾದ್ದರಿಂದ ಬರೆಯುತ್ತಿದ್ದೇನೆ. ಮರಳಿ ಎಂಬ ಊರಿನ ಕಡೆಯ ಅಕ್ಕಿ ಗಿರಣಿಯಲ್ಲಿ ಚೀಲ ತೂಗುವ ಹನುಮೇಶ ನನ್ನ ಚಿಕ್ಕಮ್ಮ ಪಕ್ಕೀರವ್ವನ ಮಗ. ಫೋನಿನಲ್ಲಿ ತಮ್ಮೊಂದಿಗೆ ಸ್ನೇಹ ಬೆಳೆಸಿದ ತಪ್ಪಿಗೆ ಈಗ ಜೈಲಿನಲ್ಲಿದ್ದಾನೆ. ಬರುವ ಸೋಮವಾರ ಅವನ ಜಾಮೀನು ಅರ್ಜಿ ಕೋರ್ಟಿನ ಮುಂದೆ ಬರಲಿದೆ. ಅವನು ಮನೆಗೆ ಬರುತ್ತಾನೋ, ಅಲ್ಲೇ ಉಳಿಯುತ್ತಾನೋ ಎಂಬುದು ಅವನು ತಮಗೆ ಬರೆದ ಒಂದೇ ಒಂದು ಪದದ ಅರ್ಥದ ಮೇಲೆ ನಿಂತಿದೆ ಎಂದು ವಕೀಲರು ಹೇಳಿದ್ದಾರೆ. ಒಂದು ಕ್ರಿಯಾಪದಕ್ಕೆ ಇಷ್ಟು ತೂಕ ಬಂದಿದ್ದು ನನ್ನ ಓದಿನ ಕಾಲದಲ್ಲಂತೂ ಕಂಡಿರಲಿಲ್ಲ.

ಮೊದಲು, ಮಕ್ಕಳ ಬೆನ್ನು ಹತ್ತುವವರನ್ನು ಹಿಡಿಯಲೆಂದು ತಮ್ಮನ್ನು ಸೃಷ್ಟಿಸಿದ ಠಾಣೆಯವರ ಪ್ರತಿಭೆಯನ್ನು ಮೆಚ್ಚದೆ ಮುಂದುವರಿಯುವುದು ಸಾಹಿತ್ಯದ ವಿದ್ಯಾರ್ಥಿನಿಗೆ ತರವಲ್ಲ. ಪಾತ್ರವೆಂದರೆ ಓದುಗನ ಮನಸ್ಸನ್ನು ಹಿಡಿಯಬೇಕು ಎಂದು ನಮ್ಮ ಮೇಷ್ಟರು ಹೇಳುತ್ತಿದ್ದರು. ಓದುಗನ ಕೊರಳಪಟ್ಟಿಯನ್ನೇ ಹಿಡಿದ ಪಾತ್ರ ತಾವೊಬ್ಬರೇ. ಆದರೂ ಒಂದು ಸಣ್ಣ ವಿಮರ್ಶೆಗೆ ಅವಕಾಶ ಕೊಡಿ. ನಮ್ಮ ಕಡೆಯ ಹುಡುಗಿ ಗುರುತಿಲ್ಲದ ಗಂಡಸಿಗೆ ತಾನಾಗಿ ಮೊದಲು ಮಾತು ಹಾಕುವುದೇ ಅಪರೂಪ, ಹಾಕಿದಳೆಂದೇ ಇಟ್ಟುಕೊಂಡರೂ 'ಊಟ ಆತೇನ್ರಿ' ಎಂದಾಳೇ ಹೊರತು, ತಾವು ಬರೆದಂತೆ 'ಊಟ ಆಯ್ತೇನೋ, ಮಿಸ್ ಮಾಡ್ಕೊಂಡೆ ಕಣೋ' ಎನ್ನಲಾರಳು. ಕುಷ್ಟಗಿಯಲ್ಲಿ ಹುಟ್ಟಿ ಬೆಳೆದೆನೆಂದು ಹೇಳಿಕೊಂಡ ತಾವು 'ಕಣೋ' ಎಂದ ಕೂಡಲೇ ಯಾರಿಗಾದರೂ ಅನುಮಾನ ಬರಬೇಕಿತ್ತು. ಹನುಮೇಶನಿಗೆ ಬಂದದ್ದು ಅಭಿಮಾನ. ಗಿರಣಿಯ ಗೆಳೆಯರಿಗೆ ಫೋನು ತೋರಿಸಿ, "ಭಾಳ ಓದಿದಾಕಿ ಅದಾಳಲೇ, ಟೀವ್ಯಾಗ ಮಾತಾಡಿದಂಗ ಮಾತಾಡ್ತಾಳ" ಎಂದು ಹೇಳಿಕೊಂಡು ತಿರುಗಿದನಂತೆ. ಅವರಲ್ಲೊಬ್ಬ, "ಅಂಥಾಕಿ ನಿನ್ನಂಥ ಹೊಟ್ಟಿನ ಮಾರಿಯಂವಗ ಯಾಕ ಮಾತಾಡ್ತಾಳೋ" ಎಂದು ಕೇಳಿದ್ದನಂತೆ. ಇಡೀ ಪ್ರಕರಣದಲ್ಲಿ ತನಿಖೆಯೆಂದು ಕರೆಯಬಹುದಾದ ಪ್ರಶ್ನೆ ಅದೊಂದೇ.

ಹೂವಿನ ಚಿತ್ರ, ಶುಭೋದಯ, ಶುಭರಾತ್ರಿಗಳು ಸಾಕಷ್ಟು ನಡೆದ ಮೇಲೆ ತಾವು ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಹತ್ತೊಂಬತ್ತರಿಂದ ಹದಿನೈದಕ್ಕೆ ಇಳಿದಿರಿ. ಮುಪ್ಪನ್ನು ಹೀಗೆ ಹಿಮ್ಮೆಟ್ಟಿಸುವ ವಿದ್ಯೆ ನಮ್ಮ ಪುರಾಣಗಳಲ್ಲೂ ಘೋರ ತಪಸ್ಸಿಗೆ ಮಾತ್ರ ಒಲಿಯುತ್ತದೆ. ಆಗ ಹನುಮೇಶ ಬರೆದದ್ದು ಇಷ್ಟು: "ಯವ್ವಾ, ಸಣ್ಣಾಕಿ ಅದೀಯಲ್ಲ. ಸಾಲಿ ಪುಸ್ತಕ ಹಿಡಿ ತಂಗಿ, ಫೋನ್ ಇಡು." ಅಲ್ಲಿಗೆ ಅವನೂ ಫೋನ್ ಇಡಬೇಕಿತ್ತು. ಇಡಲಿಲ್ಲ. ಅದಕ್ಕಾಗಿ ಜೈಲಿನ ಜಾಲರಿಯ ಆಚೆ ನಿಂತಿದ್ದವನನ್ನು ನಾನೇ ಬೈದು ಬಂದಿದ್ದೇನೆ. ಮಕ್ಕಳ ಹತ್ತಿರ ಸುಳಿಯುವವರನ್ನು ಹಿಡಿಯಲು ಕಠಿಣ ಕಾನೂನು ಬೇಕೆಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಕಾಲೇಜಿನ ದಿನಗಳುದ್ದಕ್ಕೂ ಕೊಪ್ಪಳದ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದವಳು ನಾನು. ಆ ಕಾನೂನು ಯಾಕೆ ಬೇಕೆಂದು ನನಗೆ ಯಾರೂ ಪಾಠ ಹೇಳಬೇಕಿಲ್ಲ.

ಆದರೆ ತಾವು ಬಿಡಲಿಲ್ಲ. ಅವ್ವ ಹೊಡೆದಳೆಂದೂ, ಮನೆ ಬಿಟ್ಟು ಬಂದು ಬಸ್ ನಿಲ್ದಾಣದಲ್ಲಿ ಒಬ್ಬಳೇ ಹಸಿದು ಅಳುತ್ತಿರುವೆನೆಂದೂ, ಬರದಿದ್ದರೆ ಜೀವಕ್ಕೆ ಏನಾದರೂ ಮಾಡಿಕೊಳ್ಳುವೆನೆಂದೂ ಬರೆದಿರಿ. ಅದಕ್ಕೆ ಅವನು ಕೊಟ್ಟ ಉತ್ತರವೇ ಈಗ ಜಿಲ್ಲೆಯಲ್ಲಿ ಅತಿ ಹೆಚ್ಚು ವ್ಯಾಖ್ಯಾನಕ್ಕೆ ಒಳಗಾದ ಗದ್ಯ: "ಅಳಬ್ಯಾಡ, ಅಲ್ಲೇ ಕೂಡು. ನಾ ಬರ್ತೀನಿ. ಕೂಡೂಣು, ಮಾತಾಡೂಣು. ಆಮ್ಯಾಗ ಮನಿಗೆ ಬಿಡ್ತೀನಿ."

ನಮ್ಮಲ್ಲಿ ಕೂಡು ಎಂದರೆ ಕುಳಿತುಕೊ. ಬೀಗರು ಬಂದರೆ ಕೂಡ್ರಿ ಎನ್ನುತ್ತೇವೆ, ಸ್ವಾಮಿಗಳು ಬಂದರೂ ಕೂಡ್ರಿ ಎನ್ನುತ್ತೇವೆ. ಆದರೆ ತಮ್ಮ ಮೀಸೆಯವರು ದಕ್ಷಿಣದಿಂದ ಹೊಸದಾಗಿ ವರ್ಗವಾಗಿ ಬಂದವರು. ಅವರು ದಕ್ಷಿಣದ 'ಸೇರು' ಎಂಬ ಅರ್ಥವನ್ನೇ ಹಿಡಿದು, 'ಸದರಿ ಆರೋಪಿಯು ಬಾಲಕಿಯೊಡನೆ ದೈಹಿಕವಾಗಿ ಕೂಡುವ ಸ್ಪಷ್ಟ ಉದ್ದೇಶ ವ್ಯಕ್ತಪಡಿಸಿ, ಕೃತ್ಯ ಮುಗಿದ ತರುವಾಯ ಮನೆಗೆ ಬಿಡುವುದಾಗಿ ಪುಸಲಾಯಿಸಿ' ಎಂದು ವರದಿಯಲ್ಲಿ ಬರೆದರು. ಬಸ್ ನಿಲ್ದಾಣದಲ್ಲಿ ಕಾದಿದ್ದು ಹನುಮೇಶನನ್ನು ಹಿಡಿದಾಗ, ಅವನು ಹಸಿದವಳಿಗೆಂದು ಕಟ್ಟಿಸಿಕೊಂಡು ಬಂದಿದ್ದ ಮಿರ್ಚಿ ಭಜಿಯ ಪೊಟ್ಟಣವನ್ನು 'ಆಮಿಷ' ಎಂದು ಜಪ್ತಿ ಮಾಡಿದರು. ಭಜಿ ಆರಿ ಹೋಗುವ ಮೊದಲೇ ಅದನ್ನು ಪರೀಕ್ಷೆಗೆ ಒಳಪಡಿಸಿದ ಸಿಬ್ಬಂದಿಯ ಕಾರ್ಯತತ್ಪರತೆಯನ್ನು ಬಸ್ ನಿಲ್ದಾಣದ ಹಣ್ಣಿನ ಅಂಗಡಿಯ ನಸೀಮಾಬಿ ಕಣ್ಣಾರೆ ಕಂಡಿದ್ದಾರೆ.

ಸಂಜೆಯ ಸುದ್ದಿಯಲ್ಲಿ 'ಕಾಮುಕ' ಎಂಬ ಬಿರುದಿನ ಕೆಳಗೆ ಹನುಮೇಶನ ಮುಖವನ್ನು ಕಿವಿಯ ತೂತು ಕಾಣುವಷ್ಟು ದೊಡ್ಡದಾಗಿ ತೋರಿಸಿದರು. ಪಕ್ಕದಲ್ಲಿದ್ದ ತಮ್ಮ ಚಿತ್ರವನ್ನು ಮಾತ್ರ, ಬಾಲಕಿಯ ಗುರುತು ಬಯಲಾಗಿ ಭವಿಷ್ಯ ಹಾಳಾದೀತೆಂಬ ಕಳಕಳಿಯಿಂದ, ಮಸುಕು ಮಾಡಿದ್ದರು. ಇಲ್ಲದವಳ ಮುಖಕ್ಕೆ ಇಷ್ಟು ಮರ್ಯಾದೆ ಕೊಟ್ಟ ನಾಡು ಇನ್ನೆಲ್ಲಿದ್ದೀತು? ಗಿರಣಿಯವರು ಅವನ ಜಾಗಕ್ಕೆ ಮರುದಿನವೇ ಬೇರೊಬ್ಬನನ್ನು ತಂದರು. ಓಣಿಯ ಹೆಂಗಸರು ನೀರಿನ ನಳದ ಹತ್ತಿರ ಪಕ್ಕೀರವ್ವನನ್ನು ಕಂಡರೆ ಕೊಡ ಅರ್ಧ ತುಂಬಿದ್ದರೂ ಎತ್ತಿಕೊಂಡು ಹೋಗುತ್ತಾರೆ.

ಚಿಕ್ಕಮ್ಮನೊಡನೆ ನಾನೂ ಠಾಣೆಗೆ ಹೋಗಿದ್ದೆ. ಬಾಗಿಲಲ್ಲಿದ್ದ ಇಲ್ಲಿಯವರೇ ಆದ ಪೇದೆ ಬಹಳ ಸೌಜನ್ಯದಿಂದ, "ಬರ್ರಿ ಯವ್ವಾ, ಕೂಡ್ರಿ, ಸಾಹೇಬ್ರು ಬರ್ತಾರ" ಎಂದರು. ಹಾಡಹಗಲಲ್ಲಿ, ಇಬ್ಬರು ಹೆಣ್ಣುಮಕ್ಕಳಿಗೆ, ಠಾಣೆಯ ಒಳಗೇ ಹೀಗೆಂದರೂ ಅವರನ್ನು ಯಾರೂ ಬಂಧಿಸಲಿಲ್ಲ. ಪಕ್ಕೀರವ್ವ ಬೆಂಚಿನ ಮೇಲೆ ಕೂರದೆ ನಿಂತೇ ಇದ್ದಳು. ಮಗನನ್ನು ಒಳಗೆ ಹಾಕಿದ ಪದ ಅದೇ ಎಂದು ಅವಳಿಗೆ ನಾನೇ ಬಿಡಿಸಿ ಹೇಳಿದ್ದೆ.

ಅದೇ ಬೆಂಚಿನ ಮೇಲೆ ಯಲಬುರ್ಗಾ ಕಡೆಯ ತಾಯಿಯೊಬ್ಬರು ಮಗಳೊಡನೆ ಕುಳಿತಿದ್ದರು. ಹುಡುಗಿಯ ಹೆಸರನ್ನಾಗಲಿ ತಾಯಿಯ ಹೆಸರನ್ನಾಗಲಿ ನಾನು ಬರೆಯುವುದಿಲ್ಲ. ಕಾನೂನು ಹಾಗೆ ಹೇಳುತ್ತದೆ, ಸರಿಯಾಗಿಯೇ ಹೇಳುತ್ತದೆ. ಅವಳಿಗೂ ಹದಿನೈದು. ಅವಳದು ಮಾತ್ರ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಊರಿನ ಗುತ್ತಿಗೆದಾರನೊಬ್ಬ ದಿನಾ ಏನೇನೋ ಕಳಿಸುತ್ತಾನೆ, ಶಾಲೆಯ ದಾರಿಯಲ್ಲಿ ಗಾಡಿ ಅಡ್ಡ ನಿಲ್ಲಿಸುತ್ತಾನೆ ಎಂಬುದು ದೂರು. ಅದನ್ನು ಕೇಳಿಸಿಕೊಂಡ ಮೇಜಿನಾಚೆಯವರು, ಮೀಸೆಯವರಲ್ಲ, ಇಲ್ಲಿಯವರೇ ಆದ ಇನ್ನೊಬ್ಬ ಅಧಿಕಾರಿ, "ಅವ್ವಾರ, ಅವರ ಮನಿತನ ನಮಗ ಗೊತ್ತೈತಿ, ಅಂಥಾವ್ರಲ್ಲ. ಮೊದಲ ಹುಡುಗಿ ಕೈಯಾಗಿನ ಫೋನ್ ಕಸಗೊಳ್ರಿ" ಎಂದರು. "ಅದರಾಗ ಸಾಲಿ ಪಾಠ ಬರ್ತಾವ್ರಿ ಸಾಹೇಬ್ರ" ಎಂದು ತಾಯಿ ಹೇಳಿದಾಗ, "ಹಂಗಾರ ಸಾಲಿ ಬಿಡಸ್ರಿ. ನಮಗೂ ಕೆಲಸ ಅದಾವ" ಎಂದು ಗೋಡೆಯಾಚೆ ಕೈ ತೋರಿಸಿದರು. ಗೋಡೆಯಾಚೆ, ಮಾನ್ಯರೇ, ತಾವು ಯಾರಿಗೋ ಶುಭ ಮಧ್ಯಾಹ್ನ ಹೇಳುತ್ತಿದ್ದಿರಿ.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆಗಳು ಹೆಚ್ಚಿಲ್ಲ. ಬಿಡುವಾದಾಗ ದಯವಿಟ್ಟು ಹುಟ್ಟಬೇಕು. ಅದಕ್ಕೆ ಯೋಗ್ಯ ತಂದೆತಾಯಿ ಸಿಗದಿದ್ದರೆ ಇಲಾಖೆಯೇ ಯಾರನ್ನಾದರೂ ನೇಮಿಸಬಹುದು. ಹುಟ್ಟಿದ ಮೇಲೆ ಒಂದಿಷ್ಟು ದಿನ ಇಟಗಿಯ ಗುಡಿಯ ಕಟ್ಟೆಯ ಮೇಲೆ ನಮ್ಮ ಮುದುಕಿಯರ ನಡುವೆ, ಅವರು 'ಕೂಡು' ಎಂದ ಕಡೆ ಕೂತು, ನಮ್ಮ ಕನ್ನಡ ಕಲಿಯಬೇಕು. ಕಲಿತು ಸೋಮವಾರದೊಳಗೆ ಕೋರ್ಟಿಗೆ ಬಂದು ಆ ಪದದ ಅರ್ಥವನ್ನು ತಾವೇ ಹೇಳಬೇಕು. ಯಾಕೆಂದರೆ ವಕೀಲರು ಆ ಕೆಲಸಕ್ಕೆ ನನ್ನನ್ನು ಕರೆದಿದ್ದಾರೆ, ನಾನೋ ನಾಲ್ಕು ಜನರ ಮುಂದೆ ಬಾಯಿ ತೆರೆಯಲಾರದವಳೆಂದು ಮೊದಲೇ ಹೇಳಿದ್ದೇನೆ. ಇದ್ಯಾವುದೂ ಆಗದಿದ್ದರೆ ಒಂದು ಉಪಕಾರ ಮಾಡಿ. ಆ ಯಲಬುರ್ಗಾದ ಗುತ್ತಿಗೆದಾರನಿಗೆ ತಾವೇ ಒಮ್ಮೆ 'ಊಟ ಆಯ್ತೇನೋ' ಎಂದು ಬರೆಯಿರಿ. ನಿಜವಾದ ಹುಡುಗಿಯ ಅಳುವಿಗೆ ಹೊರಡದ ಜೀಪು ತಮ್ಮ ಸುಳ್ಳು ಅಳುವಿಗೆ ಖಂಡಿತ ಹೊರಡುತ್ತದೆ. ಅಂಥವರನ್ನು ಹಿಡಿಯಲೆಂದೇ ಹುಟ್ಟಿದಿರಾದರೆ, ಅಂದರೆ ಹುಟ್ಟದೆ ಉಳಿದಿರಾದರೆ, ನಾನೇ ತಮಗೆ ಆರತಿ ಎತ್ತುತ್ತೇನೆ.

ತಮಗೆ ಎಂದೂ ಹದಿನಾರು ತುಂಬದಿರಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ವಿಜಯಲಕ್ಷ್ಮಿ, ಕುಕನೂರು

ತಾ.ಕ.: ತಮ್ಮ ವಿಳಾಸ ಸಿಗದೆ ಈ ಪತ್ರವನ್ನು ಪತ್ರಿಕೆಗೆ ಕಳಿಸುವ ಮೊದಲೇ ಸೋಮವಾರ ಬಂದು ಹೋದದ್ದರಿಂದ ಇಷ್ಟು ಸೇರಿಸುತ್ತಿದ್ದೇನೆ. ತಾವು ಬರಲಿಲ್ಲ. ಕಟಕಟೆಯ ಪಕ್ಕ ನಿಂತು ಪದದ ಅರ್ಥವನ್ನು ನಾನೇ ಹೇಳಿದೆ. ಎರಡನೆಯ ಸಲ ಹೇಳಿದಾಗ ನ್ಯಾಯಾಧೀಶರಿಗೆ ಕೇಳಿಸಿತಂತೆ. ಹನುಮೇಶನಿಗೆ ಜಾಮೀನು ಸಿಕ್ಕಿದೆ, ಕೇಸು ಮಾತ್ರ ಮುಂದುವರಿಯುತ್ತದೆ. ಷರತ್ತಿನ ಪ್ರಕಾರ ಅವನು ಕೇಸು ಮುಗಿಯುವವರೆಗೂ ನೊಂದ ಬಾಲಕಿಯಾದ ತಮ್ಮ ಮನೆಯ ಸುತ್ತಮುತ್ತ, ಶಾಲೆಯ ಸುತ್ತಮುತ್ತ, ತಾವು ಓಡಾಡುವ ಯಾವ ದಾರಿಯಲ್ಲೂ ಸುಳಿಯಕೂಡದು; ತಪ್ಪಿದರೆ ಜಾಮೀನು ರದ್ದು. ಅಂದಿನಿಂದ ಅವನು ಹೊಸ್ತಿಲು ದಾಟಿಲ್ಲ. "ಅಕ್ಕಾ, ಆಕಿ ಎಲ್ಲೆ ಅದಾಳ ಅಂತ ಒಂದ್ಸಲ ಕೇಳಿ ಹೇಳು. ಎಲ್ಲೂ ಇಲ್ಲದಾಕಿ ಎಲ್ಲಿ ಬೇಕಾದ್ರೂ ಇರಬಹುದಲ್ಲ" ಎನ್ನುತ್ತಾನೆ. ತಮ್ಮ ಪೂರ್ಣ ವಿಳಾಸ ತಿಳಿಸಿದರೆ, ಅದನ್ನು ಬಿಟ್ಟು ಮಿಕ್ಕ ಕಡೆಗೆ ಅವನು ಕೆಲಸ ಹುಡುಕಲು ಹೋಗುತ್ತಾನೆ.