ಅರವತ್ತಕ್ಕೆ ಮರಳಿ ಬಂದಿದೆಯೆನ್ನಲಾದ ನನ್ನ ಎಡಗಾಲಿನ ವಿಚಾರ

ಮೂರನೇ ಮಹಡಿಯಲ್ಲಿ ವಿರಾಜಮಾನರಾಗಿರುವ ಪಿಂಚಣಿ ತೆರಿಗೆ ಶಾಖೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ತಾವೂ ತಮ್ಮ ಮೇಜೂ ಅದರ ಮೇಲಿನ ಕಡತಗಳೂ ಸುಖವಾಗಿ ನಿದ್ರಿಸುತ್ತಿರುವಿರೆಂದು ನಂಬಿ, ಲಿಫ್ಟ್ ರಿಪೇರಿ ಮಾಡಿಕೊಂಡಿದ್ದು ಅದೇ ಕೆಲಸದಲ್ಲಿ ಎಡಗಾಲು ಕಳೆದುಕೊಂಡ ಈ ಮೆಕ್ಯಾನಿಕ್ ಬಿನ್ನವಿಸಿಕೊಳ್ಳುವುದೇನೆಂದರೆ, ನನ್ನ ಅರವತ್ತನೇ ಹುಟ್ಟುಹಬ್ಬಕ್ಕೆ ತಾವು ಕಳುಹಿಸಿದ ಶುಭಸಮಾಚಾರ ಕೈಸೇರಿತು. ಅರವತ್ತು ತುಂಬಿದ್ದರಿಂದ ನನ್ನ ಅಂಗವಿಕಲ ಭತ್ಯೆ ಮುಗಿಯಿತೆಂದೂ, ಪಿಂಚಣಿಯೊಂದೇ ಮುಂದುವರಿಯುವುದೆಂದೂ, ಭತ್ಯೆಗಿದ್ದ ತೆರಿಗೆ ವಿನಾಯಿತಿ ಪಿಂಚಣಿಗೆ ಇಲ್ಲವಾದ್ದರಿಂದ ಇನ್ನು ತಿಂಗಳು ತಿಂಗಳೂ ತೆರಿಗೆ ಹಿಡಿಯುವಿರೆಂದೂ ಅದರಲ್ಲಿತ್ತು.

ಓದಿದವನೇ ಹೊದಿಕೆ ಸರಿಸಿ ನೋಡಿಕೊಂಡೆ. ಅಡುಗೆಮನೆಯಿಂದ ನನ್ನ ಹೆಂಡತಿ, "ಏನ್ರೀ, ಬಂತಾ ಕಾಲು?" ಎಂದು ಕೇಳಿದಳು. "ಇಲ್ಲ ಕಣೇ, ದಾರೀಲಿರಬೇಕು" ಎಂದೆ. ವೈದ್ಯರು ಕೈಚೆಲ್ಲಿದ್ದನ್ನು ಒಂದೇ ರುಜುವಿನಿಂದ ವಾಸಿಮಾಡಿದ ತಮ್ಮ ಶಾಖೆಯ ಪ್ರತಾಪವನ್ನು ಎಷ್ಟು ಹೊಗಳಿದರೂ ಸಾಲದು. ಆಸ್ಪತ್ರೆಗಳನ್ನೆಲ್ಲ ಮುಚ್ಚಿ ರೋಗಿಗಳನ್ನು ತಮ್ಮ ಕೌಂಟರಿನ ಮುಂದೆ ಸಾಲಾಗಿ ನಿಲ್ಲಿಸುವುದೇ ಲೇಸೆಂದು ನನಗೆ ತೋರುತ್ತದೆ.

ವೈಕಲ್ಯ ಇನ್ನೂ ಉಳಿದಿದ್ದಲ್ಲಿ ಈ ತಿಂಗಳೊಳಗೆ ಖುದ್ದಾಗಿ ಹಾಜರಾಗಿ ವಿನಾಯಿತಿ ಕೇಳಬಹುದೆಂದು ತಾವೇ ಕೃಪೆಮಾಡಿ ಬರೆದಿದ್ದಿರಿ. ಬಂದೆ. ಕೆಳಗಿನ ಅಂಗವಿಕಲರ ಕೌಂಟರಿಗೆ ಇಳಿಜಾರು ದಾರಿಯಿದೆ, ಕುರ್ಚಿಯಿದೆ, ಇಷ್ಟು ವರ್ಷ ನಗುತ್ತ ಮಾತಾಡಿಸಿದ ಗುಮಾಸ್ತೆಯಿದ್ದಾರೆ. ಅವರು ಕಂಪ್ಯೂಟರ್ ನೋಡಿ, "ನೀವೀಗ ಅಂಗವಿಕಲರಲ್ಲ ಯಜಮಾನ್ರೇ, ಬರೀ ಪಿಂಚಣಿದಾರರು. ಮೂರನೇ ಮಹಡಿಗೆ ಹತ್ತಿ ಹೋಗಿ" ಎಂದು ಪಾಪ, ತಲೆ ತಗ್ಗಿಸಿದರು. ಲಿಫ್ಟ್ ಕೆಟ್ಟು ನಿಂತಿತ್ತು. ನಾನೇ ಸರಿಮಾಡಿಕೊಡುತ್ತೇನೆ ಎಂದೆ. "ಮೋಟರ್ ಇರೋದು ತಾರಸಿ ಮೇಲೆ, ಹತ್ತಬೇಕಲ್ಲ" ಎಂದ ಕಾವಲುಗಾರ. ಕಾಲಿಲ್ಲವೆಂದು ತೋರಿಸಲು ಮೆಟ್ಟಿಲು ಹತ್ತಬೇಕು, ಹತ್ತಿಬಿಟ್ಟರೆ ಕಾಲಿದೆಯೆಂದು ತಾವು ಬರೆದುಕೊಳ್ಳುವಿರಿ. ಇಂಥ ಏರ್ಪಾಡು ಮಾಡಿದ ತಲೆಗೆ ನನ್ನ ನಮಸ್ಕಾರಗಳನ್ನು ತಲುಪಿಸಬೇಕು.

ಮಾನ್ಯರೇ, ನನ್ನ ಕೃತಕ ಕಾಲು ಹಳತಾಗಿ ಸಡಿಲಗೊಂಡಿದೆ, ನಾಲ್ಕು ಹೆಜ್ಜೆ ನಡೆದರೆ ಚರ್ಮ ಸುಲಿದು ರಕ್ತ ಬರುತ್ತದೆ. ಹೊಸದಕ್ಕೆಂದು ತೆಗೆದಿಡುತ್ತಿದ್ದ ದುಡ್ಡನ್ನೇ ತಾವೀಗ ತೆರಿಗೆಯೆಂದು ಹಿಡಿಯಲಿದ್ದೀರಿ. ನನಗೆ ಸಿಟ್ಟು ಬಂದಿದೆ, ಅದನ್ನು ಮುಚ್ಚಿಟ್ಟು ಬರೆಯುವುದು ಕಷ್ಟವಾಗುತ್ತಿದೆ. ಆದ್ದರಿಂದ ತಾವು ಮಂಜೂರು ಮಾಡಿದ ಎಡಗಾಲನ್ನು, ಎಂಟನೇ ಸೈಜಿನ ಪಾದದ ಸಮೇತ, ಮರು ಟಪಾಲಿನಲ್ಲಿ ಕಳುಹಿಸಿಕೊಡಬೇಕು. ಮೂಲ ಕಾಲು ಸಿಗದಿದ್ದರೆ ತಮ್ಮ ಶಾಖೆಯಲ್ಲಿ ಕುಳಿತೇ ಇರುವವರ ಪೈಕಿ ಯಾರದಾದರೂ ಬಳಸದ ಕಾಲಾದರೂ ಆದೀತು. ಕಾಲು ಬಂದ ದಿನ ನಾನೇ ಮೆಟ್ಟಿಲು ಹತ್ತಿ ಬಂದು ತೆರಿಗೆ ಕಟ್ಟಿ, ಇಳಿಯುವ ಮೊದಲು ತಾರಸಿಗೂ ಹತ್ತಿ ಲಿಫ್ಟನ್ನೂ ಸರಿಮಾಡಿ ಹೋಗುತ್ತೇನೆ. ಅದೂ ಆಗದೆಂದರೆ, ದಯಮಾಡಿ ತಾವೇ ಒಮ್ಮೆ ಕೆಳಗಿಳಿದು ಬನ್ನಿ. ಬಾಗಿಲ ಬಳಿಯೇ ಕಾಯುತ್ತಿರುತ್ತೇನೆ.

ಇಂತು, ತಮ್ಮ ಆದೇಶದಂತೆ ಸರ್ವಾಂಗ ಸಂಪೂರ್ಣನಾದ,
ತಮ್ಮ ವಿಶ್ವಾಸಿ,
ಲಿಫ್ಟ್ ಮೆಕ್ಯಾನಿಕ್

ತಾ.ಕ.: ಈ ಪತ್ರವನ್ನು ಮೂರು ಮಹಡಿ ಹತ್ತಿ ತಮಗೆ ತಲುಪಿಸಿ, ಈಗ ತಮ್ಮೆದುರು ಏದುಸಿರು ಬಿಡುತ್ತ ನಿಂತಿರುವವಳು ನನ್ನ ಹೆಂಡತಿ. ಅವಳಿಗೊಂದು ಕುರ್ಚಿ ಕೊಡಿಸಿ. ಅವಳಿಗಿನ್ನೂ ಅರವತ್ತಾಗಿಲ್ಲ, ಅವಳ ಮಂಡಿನೋವು ಕಾನೂನಿನ ಪ್ರಕಾರ ಇನ್ನೂ ಚಾಲ್ತಿಯಲ್ಲಿದೆ.