ಆಮ್ಲಜನಕಕ್ಕೆ ಪಟ್ಟ ಕಟ್ಟಿದ್ದು

ವಿಜ್ಞಾನ ಕಲಿಸುವುದು ಎಷ್ಟು ಸುಲಭ ಎಂದು ಅನ್ನಿಸಬೇಕಾದರೆ ವಿಜ್ಞಾನ ಗೊತ್ತಿರಬಾರದು. ನನಗೆ ಗೊತ್ತಿರಲಿಲ್ಲ. ಆದ್ದರಿಂದ ಹೊಸನಗರ ತಾಲ್ಲೂಕಿನ ನಮ್ಮ ಮಾಧ್ಯಮಿಕ ಶಾಲೆಯ ವಿಜ್ಞಾನದ ಮೇಷ್ಟ್ರು ಲಿಂಗನಮಕ್ಕಿ ಅಣೆಕಟ್ಟಿನ ಕೆಲಸಕ್ಕೆ ಸೇರಿಕೊಂಡಾಗ, ಕನ್ನಡ ಪಂಡಿತನಾದ ನಾನು ಅವರ ತರಗತಿಗಳನ್ನು ನಗುನಗುತ್ತಾ ಒಪ್ಪಿಕೊಂಡೆ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಸಾಗರದಿಂದ ಇನ್ಸ್‌ಪೆಕ್ಟರು ಬಂದು, ಪಾಠ ನೋಡಿ, ಎರಡು ಒಳ್ಳೆಯ ಮಾತು ಬರೆಯಬೇಕಿತ್ತು. ಶಾಲಾ ಸಮಿತಿಯ ಅಧ್ಯಕ್ಷರಾದ ಪಟೇಲರು ಪಕ್ಕದಲ್ಲಿ ಕುಳಿತು ತಲೆಯಾಡಿಸಿದರೆ ಇನ್ನೂ ಒಳ್ಳೆಯದು. ಪಟೇಲಿಕೆಯನ್ನು ಸರ್ಕಾರ ಆಗಲೇ ತೆಗೆದುಹಾಕಿತ್ತು. ಆದರೆ ಆ ಸುದ್ದಿಯನ್ನು ಅವರಿಗೆ ಮುಟ್ಟಿಸುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ.

ಪಾಠ ‘ದ್ರಾವಣ’. ಕರಗುವುದು ದ್ರಾವ್ಯ, ಕರಗಿಸಿಕೊಳ್ಳುವುದು ದ್ರಾವಕ. ಗಾಳಿಯೂ ಒಂದು ದ್ರಾವಣವೇ. ಅದರಲ್ಲಿ ಪ್ರಮಾಣದಲ್ಲಿ ಹೆಚ್ಚಿರುವ ಅನಿಲವೇ ದ್ರಾವಕ. ಅದು ಯಾವುದು ಎಂದು ಪುಸ್ತಕ ಕೇಳಿತ್ತು. ಪುಟ ತಿರುಗಿಸಿದ್ದರೆ ಪ್ರಮಾಣದ ಪಟ್ಟಿ ಇತ್ತು. ಪಂಡಿತನಾದವನು ಪುಟ ತಿರುಗಿಸುವುದೇ? ನಾನು ತರ್ಕ ಮಾಡಿದೆ. ಎಲ್ಲರ ಜೀವ ಉಳಿಸುವುದು ಆಮ್ಲಜನಕ. ಸಾರಜನಕವನ್ನು ಉಸಿರಾಡುವಾಗ ಕೇಳುವವರೇ ಇಲ್ಲ. ದೇವರು ಬೇಕಾದದ್ದನ್ನು ಕಡಿಮೆ ಮಾಡಿ ಬೇಡದ್ದನ್ನು ಹೆಚ್ಚು ಮಾಡುತ್ತಾನೆಯೇ? ಮಾಡುತ್ತಾನೆ ಎನ್ನುವುದಕ್ಕೆ ನಮ್ಮ ಶಾಲೆಯ ಮೇಷ್ಟ್ರುಗಳೇ ಸಾಕ್ಷಿಯಾಗಿದ್ದರು. ಅದು ನನಗೆ ಆಗ ಹೊಳೆಯಲಿಲ್ಲ.

ಅಕ್ಕಿ ಆರಿಸುತ್ತಿದ್ದ ನನ್ನ ಹೆಂಡತಿ ಶಾರದೆಗೆ, ಆಮ್ಲಜನಕವೇ ದ್ರಾವಕ ಎಂಬ ಈ ತರ್ಕವನ್ನು ವಿವರಿಸಿದೆ.

“ಬೆಲ್ಲ ಇಲ್ದಿದ್ರೆ ಪಾನಕವೇ ಅಲ್ಲ. ಹಂಗಂತ ನೀರು ಹೋಗಿ ಬೆಲ್ಲದಲ್ಲಿ ಕರಗ್ತದಾ? ಯಾವ್ದು ಎಷ್ಟಿದೆ ಅಂತ ಒಂದ್ಸಲ ನೋಡ್ಕೊಳ್ಳಿ ಮಾರಾಯ್ರೆ,” ಎಂದಳು.

ಅಡುಗೆಮನೆಯ ವಿಜ್ಞಾನವೇ ಬೇರೆ, ಶಾಲೆಯ ವಿಜ್ಞಾನವೇ ಬೇರೆ ಎಂದು ಗಂಭೀರವಾಗಿ ತಿಳಿಸಿದೆ. ಅವಳು ಮೊರದ ಕಡೆ ತಿರುಗಿದಳು. ಅಲ್ಲಿಯ ಕಲ್ಲುಗಳು ನನಗಿಂತ ಸಣ್ಣವಿದ್ದವು.

ತನಿಖೆಯ ದಿನ ಪಟೇಲರು ಜರಿಯ ಶಾಲು ಹೊದ್ದು ಇನ್ಸ್‌ಪೆಕ್ಟರ ಪಕ್ಕ ಕುಳಿತರು. ಅವರನ್ನು ಕಂಡಕೂಡಲೇ ನನ್ನ ಬುದ್ಧಿ ಚಿಗುರಿತು. ಗಾಳಿ ಎಂದರೆ ನಮ್ಮ ಊರು ಇದ್ದ ಹಾಗೆ, ಆಮ್ಲಜನಕ ಎಂದರೆ ಪಟೇಲರು, ನಾವೆಲ್ಲ ಅವರಲ್ಲಿ ಕರಗಿದವರು ಎಂದು ಮಕ್ಕಳಿಗೆ ಹೇಳಿದೆ. ಪಟೇಲರು ಮೀಸೆ ಸವರಿಕೊಂಡರು. ಖಾಯಂ ಆದೇಶ ಕಣ್ಣ ಮುಂದೆ ಬಂದಿತು!

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಕೆಟ್ಟ ಕಾಲ ಬಂದವನಿಗೆ ಪ್ರಯೋಗ ಮಾಡುವ ಹುಮ್ಮಸ್ಸೂ ಬರುತ್ತದೆ. ನೀರು ತುಂಬಿದ ತಟ್ಟೆಯಲ್ಲಿ ಮೇಣದಬತ್ತಿ ಹಚ್ಚಿ, ಅಂಗಡಿಯಿಂದ ತಂದ ಪೆಪ್ಪರ್‌ಮೆಂಟಿನ ಗಾಜಿನ ಜಾಡಿಯನ್ನು ಅದರ ಮೇಲೆ ಬೋರಲು ಹಾಕಿದೆ. ಬತ್ತಿ ಆಮ್ಲಜನಕವನ್ನು ಮುಗಿಸುತ್ತದೆ, ಆ ಜಾಗಕ್ಕೆ ನೀರು ನುಗ್ಗಿ ಜಾಡಿ ಹೆಚ್ಚುಕಡಿಮೆ ತುಂಬಿಬಿಡುತ್ತದೆ ಎಂದು ಘೋಷಿಸಿದೆ. ಬತ್ತಿ ಆರಿತು. ನೀರು ಎರಡು ಬೆರಳು ಏರಿತು. ನಿಂತಿತು.

ಬತ್ತಿ ಸರಿಯಿಲ್ಲ ಎಂದು ದಪ್ಪ ಬತ್ತಿ ತರಿಸಿದೆ. ಅದೇ ಎರಡು ಬೆರಳು! ಜಾಡಿಯನ್ನು ಎರಡು ಸಲ ತಟ್ಟಿಯೂ ನೋಡಿದೆ. ನೀರಿಗೆ ನನ್ನ ನೌಕರಿಯ ಚಿಂತೆ ಇರಲಿಲ್ಲ.

ಇನ್ಸ್‌ಪೆಕ್ಟರು ಮೆಲ್ಲಗೆ, ಐದರಲ್ಲಿ ಒಂದು ಪಾಲು ಮಾತ್ರ ಖಾಲಿಯಾಗಿದೆ, ಉಳಿದ ನಾಲ್ಕು ಪಾಲು ಏನು ಎಂದು ಕೇಳಿದರು. ಸಾರಜನಕ ಎಂದೆ. ಹಾಗಾದರೆ ದ್ರಾವಕ ಯಾವುದು ಎಂದು ಅವರು ಮಕ್ಕಳತ್ತ ತಿರುಗಿದರು. ಪಟೇಲರ ಗೇಣಿದಾರನ ಮಗಳು ಸೀತಾ ಎದ್ದು ನಿಂತಳು.

“ಸಾರಜನಕ, ಸಾ. ಅಂದ್ರೆ ಪಟೇಲ್ರೇ ನಮ್ಮೊಳ್ಗೆ ಕರಗಿದ್ದು.”

ಊರಿನಲ್ಲಿ ಯಾರೂ ಮುಟ್ಟಿಸದಿದ್ದ, ಪಟೇಲಿಕೆ ಹೋದ ಸುದ್ದಿ ಮುಟ್ಟಿತು. ಪಟೇಲರ ಮುಖ ಕೆಂಪಾಯಿತು. ನಾನು ಗಾಬರಿಯಲ್ಲಿ ತೇಪೆ ಹಾಕಲು ಹೊರಟೆ.

“ಹಂಗಲ್ಲ, ಪಟೇಲ್ರು ಕಡಿಮೆ ಇದ್ರೂ ದೀಪ ಉರಿಯೋದು ಅವ್ರಿಂದ್ಲೇ,” ಎಂದೆ.

ಎಲ್ಲರೂ ಜಾಡಿಯೊಳಗೆ ಆರಿಹೋಗಿದ್ದ ಬತ್ತಿಯನ್ನು ನೋಡಿದರು. ಅಂದರೆ ಪಟೇಲರು ಎರಡು ಸಲ ಮುಗಿದಿದ್ದರು! ಅವರು ಶಾಲು ಕೊಡವಿ ಹೊರಟೇ ಹೋದರು. ನನಗೆ ನೆಲ ಬಿರಿಯಬಾರದೇ ಎನ್ನಿಸುವಷ್ಟು ನಾಚಿಕೆಯಾಯಿತು.

‘ಮಕ್ಕಳು ಪಾಠವನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ. ಮೇಷ್ಟ್ರಿಗೂ ಅರ್ಥವಾದರೆ ಒಳ್ಳೆಯದು’ ಎಂದು ಇನ್ಸ್‌ಪೆಕ್ಟರು ಬರೆದರು. ಪಟೇಲರು ಏನು ಬರೆದರೋ ಗೊತ್ತಿಲ್ಲ, ಅದು ನೇರವಾಗಿ ಮೇಲಕ್ಕೆ ಹೋಯಿತು. ಖಾಯಂ ಆಗಲಿಲ್ಲ, ವರ್ಗವಾಯಿತು. ತೀರ್ಥಹಳ್ಳಿ ತಾಲ್ಲೂಕಿನ ಕಾಡಂಚಿನ ಏಕೋಪಾಧ್ಯಾಯ ಶಾಲೆ. ಅಲ್ಲಿ ಮಕ್ಕಳು ಇಪ್ಪತ್ತಮೂರು, ಮೇಷ್ಟ್ರು ನಾನೊಬ್ಬನೇ. ಯಾವುದು ದ್ರಾವಕ, ಯಾವುದು ದ್ರಾವ್ಯ ಎಂದು ಆ ಮಕ್ಕಳಿಗೆ ನಾನು ಕಲಿಸಬೇಕಾಗಿ ಬರಲಿಲ್ಲ. ಮೂರೇ ದಿನದಲ್ಲಿ ಅವರು ನನಗೆ ಕಲಿಸಿದರು.