ಸದ್ದಿಲ್ಲವೆಂದು ವರದಿ ಕೊಟ್ಟ ಬಲಗಿವಿಗೆ

ಮಾನ್ಯ ಬಲಗಿವಿಯವರೇ,

ಹಿಂದೂಪುರದಲ್ಲಿ ರೇಷ್ಮೆ ನೂಲು ತೆಗೆಯುವ ಶಿವಯೋಗಪ್ಪನು, ಅರವತ್ತಾರು ವರ್ಷ ತಮ್ಮನ್ನು ತಲೆಯ ಪಕ್ಕದಲ್ಲೇ ಹೊತ್ತು ತಿರುಗಿದರೂ ಒಮ್ಮೆಯೂ ಕ್ಷೇಮಸಮಾಚಾರ ವಿಚಾರಿಸದಿದ್ದುದಕ್ಕೆ ಕ್ಷಮೆ ಕೋರಿ, ಸಾಷ್ಟಾಂಗ ನಮಸ್ಕಾರಗಳೊಂದಿಗೆ ಬರೆದುಕೊಳ್ಳುವುದು. ನಾನು ಅಡ್ಡಬಿದ್ದಾಗ ತಾವೂ ನನ್ನೊಂದಿಗೇ ಅಡ್ಡಬೀಳುವುದರಿಂದ ನಮಸ್ಕಾರ ಯಾರಿಗೆ ಸಲ್ಲಿತೆಂಬುದನ್ನು ತಾವೇ ತೀರ್ಮಾನಿಸಬೇಕು.

ತಮ್ಮ ಸೇವೆಯನ್ನು ಇಲ್ಲಿನ ಗೂಡಿನ ಮಾರ್ಕೆಟ್ಟು ಚೆನ್ನಾಗಿ ಬಲ್ಲದು. ರೇಷ್ಮೆಗೂಡನ್ನು ಕಿವಿಯ ಬಳಿ ಹಿಡಿದು ಆಡಿಸಿದರೆ, ಒಳಗಿನ ಹುಳು ಸರಿಯಾಗಿದ್ದಲ್ಲಿ ಗೋಡೆಗೆ ತಗುಲಿ ಸಣ್ಣಗೆ ಸದ್ದು ಮಾಡುತ್ತದೆ. ಸತ್ತು ಕರಗಿ ಅಂಟಿಕೊಂಡಿದ್ದರೆ ಸದ್ದಿರುವುದಿಲ್ಲ, ಅಂಥ ಗೂಡಿನಿಂದ ನೂಲೂ ನೆಟ್ಟಗೆ ಬಿಚ್ಚುವುದಿಲ್ಲ. ಮೂವತ್ತು ವರ್ಷ ತಾವು ಹೇಳಿದ್ದನ್ನು ನಾನು ಹೇಳಿದೆ, ನಾನು ಹೇಳಿದ್ದನ್ನು ನನ್ನಂತೆ ನೂಲು ತೆಗೆಯುವ ಉಳಿದ ರೀಲರುಗಳು ನಂಬಿದರು. ಚಿಲಮತ್ತೂರಿನಿಂದ ಬರುವವರು ಕೂಡ ಹರಾಜು ಕೂಗುವ ಮುನ್ನ ನನ್ನ ಮುಖ ನೋಡುತ್ತಿದ್ದರು.

ತಮ್ಮ ಕಚೇರಿಯ ಒಳಾಡಳಿತ ನನಗೆ ತಿಳಿದದ್ದು ಹೋದ ವರ್ಷ. ಈ ಊರಿನಲ್ಲಿ ಕಿವಿ ತೋರಿಸಿಕೊಂಡರೆ ಮಾರ್ಕೆಟ್ಟಿಗೆ ಗೊತ್ತಾದೀತೆಂದು ಹೆದರಿ, ಯಾವುದೋ ಮದುವೆಯ ನೆಪ ಹೇಳಿ ಕಲ್ಯಾಣದುರ್ಗದವರೆಗೆ ಬಸ್ಸಿನಲ್ಲಿ ಹೋಗಿದ್ದೆ. ಅಲ್ಲಿ ಕಿವಿ ಪರೀಕ್ಷೆ ಮಾಡುವ ಶಿವರಂಜನಿ ಎಂಬ ಹೆಣ್ಣುಮಗಳು ಪ್ಲಾಸ್ಟಿಕ್ಕಿನ ಕಿವಿಯೊಂದನ್ನು ಬಿಚ್ಚಿ ತೋರಿಸಿದಳು. ಹೊರಗಿನ ಹಾಲೆ ಸದ್ದನ್ನು ಬರಮಾಡಿಕೊಳ್ಳುತ್ತದಂತೆ, ಒಳಗೆ ತಮಟೆ ಅದುರುತ್ತದಂತೆ, ಅದರ ಹಿಂದೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟಾಣಿ ಮೂಳೆಗಳು ಆ ಸದ್ದಿನ ಅರ್ಜಿಯನ್ನು ಒಂದರಿಂದ ಒಂದಕ್ಕೆ ದಾಟಿಸುತ್ತವಂತೆ, ಅದೂ ಯಾರ ಕೈಯನ್ನೂ ಬೆಚ್ಚಗೆ ಮಾಡದೆ. ಕೊನೆಗೆ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಕೋಣೆಯಲ್ಲಿ ಸಾವಿರಾರು ಕೂದಲುಕೋಶಗಳು ನೀರಿನಲ್ಲಿ ನಿಂತು ಮಿದುಳಿಗೆ ವರದಿ ಬರೆಯುತ್ತವಂತೆ. ಇಷ್ಟು ಶಿಸ್ತಿನ ಕಚೇರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ನನ್ನ ರೀಲಿಂಗ್ ಮಿಷನ್ನುಗಳ ಗದ್ದಲಕ್ಕೆ, ಆ ಕೋಣೆಯ ಬಾಗಿಲಲ್ಲೇ ನಿಂತು ಸಣ್ಣ ಸದ್ದುಗಳನ್ನು ನೋಡಿಕೊಳ್ಳುತ್ತಿದ್ದ ನೌಕರರು ಮೊದಲು ಹೋಗಿಬಿಟ್ಟಿದ್ದಾರೆ. "ಒಂದ್ಸಲ ಹೋದ್ರೆ ಆಯ್ತು ತಾತ, ಮಳ್ಳಿ ರಾವು, ಬರಲ್ಲ ಅವು" ಎಂದು ಶಿವರಂಜನಿ ಕಿವಿಗೆ ಹಾಕಿಕೊಳ್ಳುವ ಒಂದು ಪುಟ್ಟ ಮಿಷನ್ನು ಕೊಟ್ಟಳು. ಅದನ್ನು ಹಾಕಿಕೊಂಡರೆ ನಾಲ್ಕು ಜನ ನೋಡುತ್ತಾರೆಂದು ಜೇಬಿನಲ್ಲಿಟ್ಟುಕೊಂಡೇ ವರ್ಷ ಕಳೆದೆ.

ಹೋದ ವಾರ ಹುಳು ಸಾಕುವ ಪರಿಗಿಯ ಈರಕ್ಕ ಮಾರ್ಕೆಟ್ಟಿಗೆ ಗೂಡು ತಂದಳು. ಕಣ್ಣುಗಳು ತಮ್ಮ ಕರ್ತವ್ಯ ಮಾಡಿದವು. ಅವುಗಳೊಳಗೆ ಚಿತ್ರವೆಲ್ಲ ತಲೆಕೆಳಗಾಗಿ ಬೀಳುತ್ತದಂತೆ, ಆದರೂ ಗೂಡು ಬೆಳ್ಳಗಿದೆ, ಗಟ್ಟಿಯಾಗಿದೆ, ಒಂದು ಕಲೆಯೂ ಇಲ್ಲ ಎಂದು ನೇರವಾಗಿ ತಿಳಿಸಿದವು. ತಾವು ಮಾತ್ರ ಸದ್ದಿಲ್ಲ ಎಂದಿರಿ. ಹಿರಿಯರೆಂದು ನಾನು ತಮ್ಮ ಮಾತನ್ನೇ ಎತ್ತಿಹಿಡಿದು ಬೇಡವೆಂದು ತಲೆಯಾಡಿಸಿದೆ. ಯಾರೂ ಬೆಲೆ ಕೂಗಲಿಲ್ಲ. ಒಳ್ಳೆಯ ಗೂಡು ಕಸದ ಬೆಲೆಗೆ ಹೋಯಿತು. ತಮ್ಮಲ್ಲಿ ಮೈಯ ಆಯ ತಪ್ಪದಂತೆ ಕಾಯುವ ಮೂರು ಅರ್ಧಸುತ್ತಿನ ನಾಳಗಳೂ ಇವೆಯಂತಲ್ಲ, ಅವುಗಳ ಕೆಲಸ ಮೆಚ್ಚುವಂಥದ್ದು: ಅಷ್ಟು ದೊಡ್ಡ ತಪ್ಪು ಮಾಡಿಯೂ ನಾನು ಮನೆಯವರೆಗೆ ಸ್ವಲ್ಪವೂ ತೂರಾಡದೆ ನಡೆದು ಬಂದೆ.

ಮರುದಿನ ಈರಕ್ಕ ಉಳಿಸಿಕೊಂಡಿದ್ದ ಒಂದು ಹಿಡಿ ಗೂಡನ್ನು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಮನೆಗೇ ಬಂದಳು. "ನಾಕು ಜ್ವರದಲ್ಲೂ ಎದ್ದು ಕೂತ್ಕಂಡು ಸಾಕಿದ್ ಹುಳ ಕಣಣ್ಣ. ಇನ್ನೊಂದ್ಸಲ ಆಡ್ಸಿ ನೋಡು" ಎಂದಳು. ಅದು ಹುಳು ಪೊರೆ ಬಿಡುವ ಜ್ವರ. ಸಾಕುವವರಿಗೆ ಆಗ ನಿದ್ದೆಯಿಲ್ಲ. ಆಡಿಸಿದೆ. ತಾವು ಹಳೆಯ ವರದಿಯನ್ನೇ ಕೊಟ್ಟಿರಿ. ನನ್ನ ಹೆಂಡತಿ ನಿರ್ಮಲಮ್ಮ ನನ್ನ ಕೈಯಿಂದ ತೆಗೆದುಕೊಂಡು ಆಡಿಸಿ, "ಚೆನ್ನಾಗ್ ಸದ್ದು ಬತ್ತೈತಲ್ಲ, ಕೇಳಲ್ವಾ ನಿಮ್ಗೆ?" ಎಂದಳು. ಎರಡು ತಿಂಗಳ ನಂತರ ಇನ್ನೊಂದು ಬೆಳೆ ತರಬೇಕಾದವಳು, ಮತ್ತೆ ನನ್ನ ಮುಖ ನೋಡಿಕೊಂಡೇ ನಿಲ್ಲಬೇಕಾದವಳು, ಈರಕ್ಕ ಗೂಡನ್ನು ಸೆರಗಿಗೆ ಕಟ್ಟಿಕೊಂಡು ಹೊರಟುಹೋದಳು. ನನಗೆ ಬಹಳ ನಾಚಿಕೆಯಾಯಿತು.

ಆದ್ದರಿಂದ ತಮ್ಮಲ್ಲಿ ವಿನಂತಿ. ತಮ್ಮ ಹೊರಭಾಗದಲ್ಲಿ ಯಾರೂ ಕೇಳದಿದ್ದರೂ ಕೂದಲು ಹುಲುಸಾಗಿ ಬೆಳೆಯುತ್ತಿದೆ. ಅದನ್ನು ಸಾರ್ವಜನಿಕ ಹಿತದೃಷ್ಟಿಯಿಂದ ಒಳಕೋಣೆಗೆ ವರ್ಗಾಯಿಸಬೇಕು. ಅದಾಗದಿದ್ದಲ್ಲಿ, ಇನ್ನು ಮುಂದೆ "ಸದ್ದಿಲ್ಲ" ಎಂದು ಬರೆಯುವ ಕಡೆಯಲ್ಲೆಲ್ಲ "ನನಗೆ ಕೇಳಿಸುತ್ತಿಲ್ಲ" ಎಂದು ಬರೆಯಬೇಕು. ಎರಡಕ್ಕೂ ಇರುವ ವ್ಯತ್ಯಾಸ ತಮಗೆ ತಿಳಿಯದಿರಬಹುದು, ತಾವು ಮೂಳೆ ಚರ್ಮದವರು. ಒಂದು ವರ್ಷದಿಂದ ತಿಳಿದಿದ್ದೂ ಮಾರ್ಕೆಟ್ಟಿನಲ್ಲಿ ಗೂಡು ಆಡಿಸುತ್ತಾ ನಿಂತಿದ್ದವನು ನಾನು.

ಇಷ್ಟಾದರೂ ತಮ್ಮನ್ನು ಬಿಟ್ಟು ಬೇರೆ ಕಡೆ ಹೋಗಲಾರದ, ತಮ್ಮ ವಿಶ್ವಾಸಿ,
ಶಿವಯೋಗಪ್ಪ, ರೀಲರ್, ಹಿಂದೂಪುರ

ಮರೆತ ಮಾತು: ಈ ಪತ್ರವನ್ನು ಇವತ್ತು ಮಾರ್ಕೆಟ್ಟಿನಲ್ಲಿ ಎಲ್ಲರೆದುರು ಓದಿದೆ, ಅರ್ಧ ಜನಕ್ಕೆ ತೆಲುಗಿನಲ್ಲೂ ಹೇಳಿದೆ. ಈರಕ್ಕನೂ ಬಂದಿದ್ದಳು. ಮುಗಿದ ಮೇಲೆ ಹತ್ತಿರ ಬಂದು, ತಮ್ಮ ಬಾಗಿಲಿಗೇ ಬಾಯಿಟ್ಟು, ಪಿಸುದನಿಯಲ್ಲಿ ಏನೋ ಹೇಳಿ ಹೋದಳು. ಬೈದಳೋ, ಹೋಗಲಿ ಬಿಡು ಎಂದಳೋ, ತಮ್ಮಿಂದ ಇನ್ನೂ ವರದಿ ಬಂದಿಲ್ಲ. ಇನ್ನೊಂದು ಸಲ ಹೇಳೆಂದು ಅವಳನ್ನು ಕೇಳುವ ಮುಖ ನನಗಿಲ್ಲ.